ಶಿಶುಪೋಷಣೆಯ ಅಧಿಕಾರ

೧

ಧರ್ಮವಿಷಯಕವಾದ ವಾದಗಳಲ್ಲಿ ಯಾರ ಹಿತಾಹಿತಗಳು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಣಯವಾಗಬೇಕಾಗಿರುವುವೋ ಅವರೇ ಮಾತನಾಡಲಾರದವರಾಗಿರುವುದು ಅಪೂರ್ವವಲ್ಲ. ಎರಡು ಪಕ್ಷದವರೂ ಗಟ್ಟಿಯಾದ ದನಿಯಿಂದ ತಮ್ಮ ತಮ್ಮ ಸಿದ್ಧಾಂತಗಳನ್ನು ಸಾಧಿಸುತ್ತಿರಲು, ಮೂರನೆಯ ಪಕ್ಷವೊಂದು ತೊಟ್ಟಿಲಲ್ಲಿ ಮಲಗಿರುವುದು ಇಬ್ಬರಿಗೂ ಮರೆತುಹೋಗುತ್ತದೆ.

ಈಚಿನ ದಶಕಗಳಲ್ಲಿ ಲೋಕದ ನಾನಾ ದೇಶಗಳನ್ನು ಕಲಕಿರುವ ಪ್ರಶ್ನೆಯೊಂದು ಈ ಜಾತಿಗೆ ಸೇರಿದುದು. ಇಬ್ಬರು ಗಂಡಸರಾಗಲಿ ಇಬ್ಬರು ಹೆಂಗಸರಾಗಲಿ ದಂಪತಿಗಳಂತೆ ಕೂಡಿ ಬಾಳುತ್ತ, ಆ ಮನೆಯಲ್ಲಿ ಮಕ್ಕಳನ್ನು ಸಾಕಬಹುದೇ, ಸಾಕಕೂಡದೇ ಎಂಬುದೇ ಆ ಪ್ರಶ್ನೆ. ನೆದರ್ಲೆಂಡ್ಸ್ ದೇಶವು ೨೦೦೧ರಲ್ಲಿ ಇಂತಹ ದಂಪತಿಗಳಿಗೆ ವಿವಾಹವನ್ನೂ ದತ್ತುಸ್ವೀಕಾರವನ್ನೂ ಒಟ್ಟಿಗೆ ಅನುಮತಿಸಿತು. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು ೨೦೦೨ರಲ್ಲಿ ದತ್ತಿನ ಅಧಿಕಾರವನ್ನು ಎತ್ತಿಹಿಡಿಯಿತು. ತೈವಾನ್ ೨೦೨೩ರಲ್ಲಿ, ಗ್ರೀಸ್ ೨೦೨೪ರಲ್ಲಿ ಅದೇ ದಾರಿಯನ್ನು ಹಿಡಿದುವು. ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ವಿಷಯವು ೨೦೨೩ರಲ್ಲಿ ಬಂದು, ಐವರು ನ್ಯಾಯಮೂರ್ತಿಗಳಲ್ಲಿ ಮೂವರ ಮತದಿಂದ ನಿರಾಕೃತವಾಯಿತು. ಹೀಗೆ ಪ್ರಾಜ್ಞರೇ ಎರಡು ಭಾಗವಾಗಿರುವ ವಿಷಯದಲ್ಲಿ ಆವೇಶದ ಮಾತಿಗಿಂತ ವಿಚಾರದ ಮಾತು ಹೆಚ್ಚು ಉಪಯುಕ್ತವೆಂಬುದು ಸ್ಪಷ್ಟ.

ವಿಚಾರಕ್ಕೆ ಒಂದು ನಿಜವಾದ ದೃಷ್ಟಾಂತವಿದ್ದರೆ ಒಳ್ಳೆಯದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಿಶಿಗನ್ನಿನಲ್ಲಿ ಇಬ್ಬರು ದಾದಿಯರು ಒಂದೇ ಸಂಸಾರ ಹೂಡಿಕೊಂಡಿದ್ದರು. ಒಬ್ಬಾಕೆಯ ಉದ್ಯೋಗ ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗದಲ್ಲಿ. ಮತ್ತೊಬ್ಬಾಕೆಯದು ತುರ್ತು ಚಿಕಿತ್ಸೆಯ ವಿಭಾಗದಲ್ಲಿ. ೨೦೦೯ರಲ್ಲಿ ಒಂದು ಗಂಡುಮಗುವನ್ನು ಮೊದಲು ಸಾಕುವುದಕ್ಕೆಂದೂ ಆಮೇಲೆ ದತ್ತಾಗಿಯೂ ಸ್ವೀಕರಿಸಿದರು. ಅದೇ ವರ್ಷ ಎರಡನೆಯ ಮಗು ಬಂದಿತು. ಅದು ದಿನ ತುಂಬುವ ಮೊದಲೇ ಹುಟ್ಟಿ, ಹೆತ್ತವಳಿಂದ ತ್ಯಕ್ತವಾಗಿ, ಹಗಲೂ ಇರುಳೂ ಆರೈಕೆ ಬೇಕಾಗಿದ್ದ ಕೂಸು. ಮರುವರ್ಷ ವಿಶೇಷ ಪೋಷಣೆ ಬೇಕಾಗಿದ್ದ ಹೆಣ್ಣುಮಗುವೊಂದು ಮನೆಗೆ ಬಂದಿತು. ಆದರೆ ಆ ಸಂಸ್ಥಾನದ ಕಾನೂನು ಗಂಡಹೆಂಡಿರಿಗೆ, ಇಲ್ಲವೆ ಒಬ್ಬಂಟಿಗರಿಗೆ ಮಾತ್ರ ದತ್ತಿನ ಅನುಮತಿಯನ್ನು ಕೊಡುತ್ತಿತ್ತು. ಆದುದರಿಂದ ಒಂದೊಂದು ಮಗುವಿಗೂ ಆ ಇಬ್ಬರಲ್ಲಿ ಒಬ್ಬಳು ಮಾತ್ರ ತಾಯಿ; ಅದೇ ಮನೆಯಲ್ಲಿ ಅದಕ್ಕೆ ಉಣಿಸಿ ಮಲಗಿಸುತ್ತಿದ್ದ ಇನ್ನೊಬ್ಬಳು ಕಾನೂನಿನ ಕಣ್ಣಿಗೆ ಪರಕೀಯಳು. ಕಾನೂನಿನ ತಾಯಿ ಅಕಸ್ಮಾತ್ತಾಗಿ ತೀರಿಕೊಂಡರೆ, ಉಳಿದವಳಿಗೆ ಆ ಮಗುವಿನ ಮೇಲೆ ಯಾವ ಅಧಿಕಾರವೂ ಇಲ್ಲ; ಮಗುವಿಗೆ ಅವಳಿಂದ ಪಡೆಯತಕ್ಕ ಯಾವ ರಕ್ಷಣೆಯೂ ಇಲ್ಲ.

ಅವರು ೨೦೧೨ರಲ್ಲಿ ನ್ಯಾಯಾಲಯಕ್ಕೆ ಹೋದಾಗ ಮೊದಲು ಕೇಳಿದ್ದು ವಿವಾಹವನ್ನಲ್ಲ; ಮಕ್ಕಳಿಗೆ ಇಬ್ಬರೂ ತಾಯಿಯರಾಗುವ ಅನುಮತಿಯನ್ನು. ವಿವಾಹದ ನಿಷೇಧವೇ ಇದಕ್ಕೆ ಮೂಲವೆಂದು ನ್ಯಾಯಾಧೀಶರು ಸೂಚಿಸಿದ ಮೇಲೆ ವ್ಯಾಜ್ಯವು ವಿಸ್ತಾರಗೊಂಡಿತು. ೨೦೧೪ರಲ್ಲಿ ಗೆದ್ದು, ಅದೇ ವರ್ಷ ಮೇಲಿನ ನ್ಯಾಯಾಲಯದಲ್ಲಿ ಸೋತು, ಕಡೆಗೆ ೨೦೧೫ರ ಜೂನ್ ೨೬ರಂದು ಆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಇತರ ವ್ಯಾಜ್ಯಗಳೊಡನೆ ಸಫಲವಾಯಿತು. ಗೆದ್ದವರು ಯಾರು ಸೋತವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಆ ಆರು ವರ್ಷಗಳ ಕಾಲ ಮೂರು ಮಕ್ಕಳ ಸ್ಥಿತಿ ಏನಾಗಿತ್ತೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಗಮವಾದೀತು.

೨

ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಖಂಡಿಸುವುದು ಪಾಂಡಿತ್ಯವಲ್ಲ. ಅದನ್ನು ಅದರ ಪೂರ್ಣಬಲದೊಡನೆ ಮಂಡಿಸತಕ್ಕದ್ದು.

ಪೂರ್ವಪಕ್ಷದವರು ಹೇಳುವುದೇನೆಂದರೆ: ಮಗುವು ಹುಟ್ಟುವುದು ಸ್ತ್ರೀಪುರುಷರ ಸಂಯೋಗದಿಂದ, ಹೀಗಿರಲು ಅದು ಬೆಳೆಯಬೇಕಾದುದೂ ಸ್ತ್ರೀಪುರುಷರಿಬ್ಬರ ನೆರಳಿನಲ್ಲೇ. ತಂದೆಯಿಂದ ಒಂದು ಬಗೆಯ ಗುಣವನ್ನು, ತಾಯಿಯಿಂದ ಇನ್ನೊಂದು ಬಗೆಯ ಗುಣವನ್ನು ಮಗು ಕಲಿಯುತ್ತದೆ. ವಿಧಿವಶದಿಂದ ಒಬ್ಬರು ತಪ್ಪಿಹೋದರೆ ಅದು ದುರದೃಷ್ಟ. ಆದರೆ ಒಬ್ಬರಿಲ್ಲದ ಮನೆಯನ್ನೇ ಬುದ್ಧಿಪೂರ್ವಕವಾಗಿ ಆರಿಸಿ ಅಲ್ಲಿಗೆ ಮಗುವನ್ನು ಒಪ್ಪಿಸುವುದು ದುರದೃಷ್ಟವಲ್ಲ, ಅನ್ಯಾಯ. ಮೇಲಾಗಿ ಅಂತಹ ಮನೆಯ ಮಗುವನ್ನು ಶಾಲೆಯಲ್ಲಿಯೂ ಬೀದಿಯಲ್ಲಿಯೂ ಓರಗೆಯವರು ಹಾಸ್ಯಮಾಡದೆ ಬಿಡರು. ಕಡೆಯದಾಗಿ, ಈ ದೇಶದಲ್ಲಿ ಮಗುವಿಗಾಗಿ ಕಾದಿರುವ ಗಂಡಹೆಂಡಿರ ಸಂಖ್ಯೆಯು ದತ್ತು ಕೊಡಲು ಸಿದ್ಧವಾಗಿರುವ ಮಕ್ಕಳ ಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು. ಹೀಗಿರುವಾಗ ಹೊಸದೊಂದು ಪ್ರಯೋಗದ ಆವಶ್ಯಕತೆಯೇನು? ಮಕ್ಕಳು ಪ್ರಯೋಗದ ಸಾಮಗ್ರಿಯಲ್ಲ.

ಈ ಮಾತುಗಳಲ್ಲಿ ದ್ವೇಷವೇ ತುಂಬಿದೆಯೆಂದು ಹೇಳುವುದು ಸರಿಯಲ್ಲ. ಇವುಗಳ ಹಿಂದೆ ಮಗುವಿನ ವಿಷಯದಲ್ಲಿ ಕಾತರವುಂಟು. ಆ ಕಾತರವು ಸತ್ಯವಾದುದರಿಂದಲೇ ಅದು ತಕ್ಕ ಸ್ಥಳದಲ್ಲಿ ನಿಂತಿದೆಯೇ ಎಂದು ಪರೀಕ್ಷಿಸಬೇಕಾಗಿದೆ.

೩

ಮೀಮಾಂಸಕರು ಯಾವ ಕರ್ಮವನ್ನು ವಿಚಾರಿಸುವಾಗಲೂ ಅದಕ್ಕೆ ಅಧಿಕಾರಿ ಯಾರೆಂಬುದನ್ನು ಮೊದಲು ಕೇಳುತ್ತಾರೆ. ಅಧಿಕಾರವೆಂದರೆ ಇಲ್ಲಿ ದರ್ಪವಲ್ಲ. ಹೊಣೆಯನ್ನು ಹೊರುವ ಯೋಗ್ಯತೆ. ಆ ಯೋಗ್ಯತೆಗೆ ಇಚ್ಛೆ ಬೇಕು, ಸಾಮರ್ಥ್ಯ ಬೇಕು, ಶಾಸ್ತ್ರದ ನಿಷೇಧವಿಲ್ಲದಿರಬೇಕು. ಶಿಶುಪೋಷಣೆಯನ್ನು ಕರ್ಮಗಳಲ್ಲೆಲ್ಲ ದೀರ್ಘವಾದ ಕರ್ಮವೆಂದು ಭಾವಿಸಿದರೆ, ಪ್ರಕೃತ ಪ್ರಶ್ನೆಯನ್ನೂ ಈ ಮೂರು ಅಂಗಗಳಲ್ಲಿ ವಿಚಾರಿಸಬಹುದು.

ಇಚ್ಛೆಯ ವಿಷಯದಲ್ಲಿ ವಿವಾದವಿಲ್ಲ. ಗಂಡಹೆಂಡಿರಿಗೆ ಮಗುವು ಅನೇಕ ವೇಳೆ ಬಯಸದೆಯೂ ಬರುತ್ತದೆ. ಸಲಿಂಗ ದಂಪತಿಗಳಿಗೆ ಹಾಗೆ ಬರುವಂತಿಲ್ಲ. ಅವರ ಮನೆಗೆ ದತ್ತಾಗಿ ಬರುವ ಮಗುವು ಬಹುಕಾಲದ ಆಲೋಚನೆಯ ಫಲವಾಗಿಯೇ ಬರುತ್ತದೆ.

ಸಾಮರ್ಥ್ಯದ ವಿಷಯದಲ್ಲಿ ಊಹೆಗಿಂತ ಅನುಭವವು ಪ್ರಮಾಣ. ಇಂಗ್ಲೆಂಡಿನ ಸೂಸನ್ ಗೋಲಂಬಾಕ್ ಎಂಬ ಮನಶ್ಶಾಸ್ತ್ರಜ್ಞೆಯು ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಮೊದಲುಗೊಂಡು ಇಂತಹ ಮನೆಗಳ ಮಕ್ಕಳನ್ನು ಇತರ ಮನೆಗಳ ಮಕ್ಕಳೊಡನೆ ಹೋಲಿಸಿ ನೋಡಿದವರು ಹಲವರು. ಅಮೆರಿಕದ ಶಿಶುವೈದ್ಯರ ಪರಿಷತ್ತು ಈ ಸಾಮಗ್ರಿಯನ್ನು ಪರಿಶೀಲಿಸಿ ೨೦೦೨ರಲ್ಲಿಯೂ ಮತ್ತೆ ೨೦೧೩ರಲ್ಲಿಯೂ ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ಸಾಕುವವರು ಗಂಡಸರೋ ಹೆಂಗಸರೋ ಎಂಬುದಕ್ಕಿಂತ, ಅವರಿಗೂ ಮಗುವಿಗೂ ಇರುವ ಬಾಂಧವ್ಯ, ಅವರ ದಕ್ಷತೆ, ಮನೆಯ ಆರ್ಥಿಕ ಹಾಗೂ ಸಾಮಾಜಿಕ ಭದ್ರತೆ, ಇವೇ ಮಗುವಿನ ಕ್ಷೇಮವನ್ನು ಹೆಚ್ಚಾಗಿ ನಿರ್ಣಯಿಸುತ್ತವೆ ಎಂಬುದೇ ಅದರ ಸಾರಾಂಶ. ಇದಕ್ಕೆ ವಿರುದ್ಧವಾಗಿ ೨೦೧೨ರಲ್ಲಿ ಟೆಕ್ಸಸಿನ ಮಾರ್ಕ್ ರೆಗ್ನೆರಸ್ ಎಂಬ ಸಮಾಜಶಾಸ್ತ್ರಜ್ಞರು, ಇಂತಹ ತಂದೆತಾಯಿಯರ ಮಕ್ಕಳಿಗೆ ಹೆಚ್ಚಿನ ಕಷ್ಟಗಳುಂಟೆಂದು ಬರೆದರು. ಆದರೆ ಅವರು ಲೆಕ್ಕಕ್ಕೆ ತೆಗೆದುಕೊಂಡ ಮಕ್ಕಳಲ್ಲಿ ಬಹುಪಾಲು, ಗಂಡಹೆಂಡಿರ ಸಂಸಾರ ಒಡೆದ ಕಷ್ಟವನ್ನು ಅನುಭವಿಸಿದವರೇ ಹೊರತು, ಮೊದಲಿಂದ ಇಬ್ಬರು ತಾಯಿಯರ ಅಥವಾ ಇಬ್ಬರು ತಂದೆಯರ ಆಶ್ರಯದಲ್ಲಿ ಬೆಳೆದವರಲ್ಲ. ಮಿಶಿಗನ್ನಿನ ವ್ಯಾಜ್ಯದಲ್ಲಿ ಅವರೇ ಬಂದು ಸಾಕ್ಷ್ಯ ನುಡಿದಾಗ ನ್ಯಾಯಾಧೀಶರು ಅದನ್ನು ನಂಬಲರ್ಹವಲ್ಲವೆಂದು ತಳ್ಳಿಹಾಕಿದರು. ಒಡೆದ ಮನೆಯ ದುಃಖವನ್ನು ಒಡೆಯದ ಮನೆಯ ತಲೆಗೆ ಕಟ್ಟುವುದು ಹೇತ್ವಾಭಾಸವಲ್ಲದೆ ಮತ್ತೇನು?

ಹಾಗೆಂದು ಪರವಾದ ಅಧ್ಯಯನಗಳನ್ನು ವೇದವಾಕ್ಯವೆಂದು ಎಣಿಸಬೇಕಾಗಿಲ್ಲ. ಅನೇಕ ಅಧ್ಯಯನಗಳಲ್ಲಿ ಮನೆಗಳ ಸಂಖ್ಯೆ ಅಲ್ಪ. ತಾವಾಗಿ ಮುಂದೆ ಬಂದವರೇ ಹೆಚ್ಚು. ಆದರೂ ನಾಲ್ಕು ದಶಕಗಳ ಹುಡುಕಾಟದಲ್ಲಿ, ಸಾಕುವವರು ಸಲಿಂಗಿಗಳೆಂಬ ಕಾರಣದಿಂದಲೇ ಮಕ್ಕಳಿಗೆ ಹಾನಿಯಾಯಿತೆಂಬುದು ಸಿದ್ಧವಾಗಲಿಲ್ಲ. ಇಷ್ಟನ್ನು ಹೇಳಬಹುದು, ಇದಕ್ಕಿಂತ ಹೆಚ್ಚಾಗಿ ಹೇಳುವ ಅಗತ್ಯವೂ ಇಲ್ಲ.

ತಂದೆಯ ಕಾಠಿಣ್ಯ, ತಾಯಿಯ ಮಾರ್ದವ ಎಂಬ ವಿಭಾಗವೂ ಲೋಕದಲ್ಲಿ ಅಷ್ಟು ಕರಾರುವಾಕ್ಕಾಗಿ ಕಾಣದು. ತಾಯಿಯೇ ಶಿಕ್ಷಿಸುವ, ತಂದೆಯೇ ಮುದ್ದಿಸುವ ಮನೆಗಳೆಷ್ಟಿಲ್ಲ! ಪುರಾಣೇತಿಹಾಸಗಳನ್ನು ಕಾನೂನಿಗೆ ಪ್ರಮಾಣವಾಗಿ ತರುವುದು ಉಚಿತವಲ್ಲವಾದರೂ, ಈ ನಾಡಿನ ಜನರ ಕಲ್ಪನೆಗೆ ಯಾವುದು ಅಸಹ್ಯವಾಗಿರಲಿಲ್ಲ ಎಂಬುದನ್ನು ತಿಳಿಯಲು ಅವು ಸಹಾಯಕವಾಗುತ್ತವೆ. ತಾಯಿತಂದೆಯರಿಬ್ಬರೂ ಬಿಟ್ಟುಹೋದ ಶಕುಂತಲೆಯನ್ನು ಬೆಳೆಸಿದವನು ಕಣ್ವನೆಂಬ ಬ್ರಹ್ಮಚಾರಿ. ಕರ್ಣನು ತನ್ನ ಜನ್ಮವೃತ್ತಾಂತವನ್ನು ಕೃಷ್ಣನಿಂದ ಕೇಳಿದ ಮೇಲೂ ರಾಧೆಯ ಮಗನೆಂಬ ಹೆಸರನ್ನು ತೊರೆಯಲಿಲ್ಲ. ಆರು ಮಂದಿ ಕೃತ್ತಿಕೆಯರು ಹಾಲೂಡಿಸಿ ಸಾಕಿದ ಕುಮಾರಸ್ವಾಮಿಗೆ ಷಾಣ್ಮಾತುರನೆಂಬ ಹೆಸರುಂಟು. ಆರು ತಾಯಿಯರಿದ್ದುದು ಅವನಿಗೆ ಅಪಕೀರ್ತಿಯಾಗಲಿಲ್ಲ, ಬಿರುದಾಯಿತು. ಹೆರುವುದು ಬೇರೆ, ಸಾಕುವುದು ಬೇರೆ, ಸಾಕಿದವರ ಋಣವು ಹೆತ್ತವರ ಋಣಕ್ಕಿಂತ ಕಡಮೆಯಲ್ಲ ಎಂಬ ತಿಳಿವಳಿಕೆ ಈ ಕಥೆಗಳಲ್ಲೆಲ್ಲ ಹರಿಯುತ್ತದೆ.

೪

ಉಳಿದುದು ನಿಷೇಧದ ಅಂಗ. ದತ್ತಕದ ಶಾಸ್ತ್ರವು ಪ್ರಕೃತಿಯನ್ನು ಅನುಕರಿಸತಕ್ಕುದೆಂದು ಪೂರ್ವಪಕ್ಷದವರು ಹೇಳುವುದಕ್ಕೆ ಹಳೆಯ ಆಧಾರವಿಲ್ಲದಿಲ್ಲ. ನಂದಪಂಡಿತನು ದತ್ತಕಮೀಮಾಂಸೆಯಲ್ಲಿ ದತ್ತುಮಗನು ಔರಸಪುತ್ರನ ಪ್ರತಿಬಿಂಬದಂತಿರಬೇಕೆಂಬ ಮತವನ್ನು ಸಾಧಿಸಿದ್ದಾನೆ. ಯಾವಳನ್ನು ವಿವಾಹವಾಗುವುದು ತನಗೆ ನಿಷಿದ್ಧವೋ ಅವಳ ಮಗನನ್ನು ದತ್ತು ಪಡೆಯಕೂಡದು. ಆದುದರಿಂದಲೇ ಸೋದರಿಯ ಮಗನೂ ಮಗಳ ಮಗನೂ ದತ್ತಿಗೆ ಅನರ್ಹರು. ಆದರೆ ಈ ನಿಯಮವನ್ನು ದಕ್ಷಿಣದೇಶದ ಆಚಾರವು ಬಹಳ ಹಿಂದೆಯೇ ಸಡಿಲಿಸಿತು. ಶಾಸ್ತ್ರವಿದ್ದರೂ ಸೋದರಿಯ ಮಗನನ್ನೂ ಮಗಳ ಮಗನನ್ನೂ ಜನರು ದತ್ತು ಪಡೆಯುತ್ತಿದ್ದರು. ಏಕೆಂದರೆ ಆ ಮಗುವಿನಲ್ಲಿ ಅವರಿಗೆ ಮೊದಲೇ ಪ್ರೀತಿಯಿರುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಸ್ಮೃತಿಕಾರರು ಹನ್ನೆರಡು ವಿಧದ ಪುತ್ರರನ್ನು ಎಣಿಸಿದ್ದಾರೆ. ಈಗಿನ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ದಾಯವಿಭಾಗದಲ್ಲಿ ಇವರ ವಿಚಾರವಿದೆ. ತಂದೆತಾಯಿಗಳು ತೊರೆದ ಮಗುವನ್ನು ಎತ್ತಿಕೊಂಡರೆ ಅವನು ಅಪವಿದ್ಧ. ಯಾರೂ ಇಲ್ಲದವನು ತಾನಾಗಿ ಬಂದು ಮಗನಾಗುವೆನೆಂದರೆ ಅವನು ಸ್ವಯಂದತ್ತ. ಕಲಿಯುಗದಲ್ಲಿ ಔರಸ ದತ್ತಕರಿಬ್ಬರೇ ಗ್ರಾಹ್ಯರೆಂದು ಆಮೇಲಿನವರು ನಿರ್ಬಂಧಿಸಿದರು. ಹೀಗೆ ಉಳಿದ ದತ್ತಕದ ಫಲವು ಯಾರಿಗೆ? ಪಿಂಡೋದಕಗಳಿಗೂ ವಂಶಕ್ಕೂ ಆಸ್ತಿಗೂ ವಾರಸುದಾರನು ಬೇಕಾಗಿದ್ದ ತಂದೆಗೆ. ಮಗುವು ತಂದೆಯ ಕೊರತೆಯನ್ನು ತುಂಬುವುದಕ್ಕಾಗಿ ಬರುತ್ತಿತ್ತು. ಅಪವಿದ್ಧನನ್ನೂ ಸ್ವಯಂದತ್ತನನ್ನೂ ಬಿಟ್ಟುಕೊಟ್ಟ ದಿನವೇ ಮಗುವಿನ ಕೊರತೆಯು ಶಾಸ್ತ್ರದ ದೃಷ್ಟಿಯಿಂದ ಮರೆಯಾಯಿತೆನ್ನಬೇಕು.

ಈಚಿನ ಕಾನೂನು ಈ ಕ್ರಮವನ್ನು ತಿರುಗಿಸಿತು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹೆಣ್ಣುಮಗುವನ್ನು ದತ್ತು ಪಡೆಯಬಹುದೆಂದಿತು. ಪಿಂಡದಾನಕ್ಕೆ ಹೆಣ್ಣು ಅಧಿಕಾರಿಯಲ್ಲವೆಂಬ ಮಾತಿಗೆ ಅಲ್ಲಿ ಬೆಲೆ ಉಳಿಯಲಿಲ್ಲ. ಅವಿವಾಹಿತ ಸ್ತ್ರೀಯೂ ವಿಧವೆಯೂ ತಮ್ಮದೇ ಹಕ್ಕಿನಿಂದ ದತ್ತು ಪಡೆಯುವಂತಾಯಿತು. ೨೦೧೫ರ ಬಾಲನ್ಯಾಯ ಕಾಯಿದೆಯು ಮತಭೇದವಿಲ್ಲದೆ ಒಬ್ಬಂಟಿಗರಿಗೂ ವಿಚ್ಛೇದಿತರಿಗೂ ಅವಕಾಶವಿತ್ತಿತು. ಒಬ್ಬಂಟಿಗ ಗಂಡಸು ಹೆಣ್ಣುಮಗುವನ್ನು ಪಡೆಯಕೂಡದೆಂಬ ಒಂದು ನಿರ್ಬಂಧವನ್ನು ಮಾತ್ರ ಇರಿಸಿತು. ಒಬ್ಬಳೇ ಹೆಂಗಸು ಮಗುವನ್ನು ಪಡೆಯುವುದು ಯಾವ ಪ್ರಕೃತಿಯ ಅನುಕರಣ? ಪ್ರತಿಬಿಂಬದ ನ್ಯಾಯವನ್ನು ರಾಜ್ಯವೇ ಕೈಬಿಟ್ಟಾಯಿತು. ಈಗ ಮಗುವು ತಂದೆತಾಯಿಗಳಿಗೋಸ್ಕರವಲ್ಲ, ತಂದೆತಾಯಿಗಳು ಮಗುವಿಗೋಸ್ಕರ. ಕೈಬಿಟ್ಟ ನ್ಯಾಯವನ್ನು ಒಂದು ವರ್ಗದವರ ಮೇಲೆ ಮಾತ್ರ ಮತ್ತೆ ಪ್ರಯೋಗಿಸುವುದು ಸಮಂಜಸವಾಗದು.

೫

ಪ್ರಕೃತ ಕಾನೂನಿನ ಸ್ಥಿತಿಯನ್ನು ನೋಡಿದರೆ ಒಂದು ವಿಚಿತ್ರವು ಗೋಚರಿಸುತ್ತದೆ. ೨೦೨೨ರ ದತ್ತು ನಿಯಮಾವಳಿಯ ಐದನೆಯ ನಿಯಮವು, ಕನಿಷ್ಠ ಎರಡು ವರ್ಷಗಳ ಸ್ಥಿರವಾದ ವೈವಾಹಿಕ ಜೀವನವಿಲ್ಲದ ಜೋಡಿಗೆ ಮಗುವನ್ನು ಕೊಡಕೂಡದೆನ್ನುತ್ತದೆ. ಸಲಿಂಗ ವಿವಾಹಕ್ಕೆ ಮಾನ್ಯತೆ ಇಲ್ಲದಿರುವಲ್ಲಿ ಸಲಿಂಗ ದಂಪತಿಗಳು ಆ ಎರಡು ವರ್ಷಗಳನ್ನು ಎಂದೆಂದಿಗೂ ಪೂರೈಸಲಾರರು. ಅದೇ ವರ್ಷದ ಜೂನ್ ೧೬ರಂದು ಕೇಂದ್ರೀಯ ದತ್ತು ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯು, ವಿವಾಹವಾಗದೆ ಸಂಗಾತಿಯೊಡನೆ ಬಾಳುತ್ತಿರುವವರು ಒಬ್ಬಂಟಿಗರೆಂದೂ ಅರ್ಜಿ ಹಾಕಲಾಗದಂತೆ ಮಾಡಿತು. ಇದರ ಫಲವೇನು? ಇಬ್ಬರಲ್ಲಿ ಒಬ್ಬರು ಒಬ್ಬಂಟಿಗರಾಗಿ ದತ್ತು ಪಡೆದು ಆಮೇಲೆ ಕೂಡಿ ಬಾಳಿದರೆ ಅದನ್ನು ತಡೆಯುವ ಕಾನೂನಿಲ್ಲ. ಮೊದಲೇ ಕೂಡಿ ಬಾಳುತ್ತಿರುವವರು ಅದನ್ನು ಮರೆಮಾಚಿದರೆ ಮಗು ದೊರೆಯಬಹುದು, ಸತ್ಯವನ್ನಾಡಿದರೆ ದೊರೆಯದು. ಸತ್ಯವನ್ನು ನುಡಿಯೆಂದು ಮಗುವಿಗೆ ಬೋಧಿಸಬೇಕಾದ ಮನೆಯು ಸುಳ್ಳಿನ ಅಡಿಗಲ್ಲಿನ ಮೇಲೆ ಏಳುವಂತೆ ನಿಯಮವೇ ಪ್ರೇರೇಪಿಸುವುದು ಶೋಭೆಯಲ್ಲ.

೨೦೨೩ರ ಅಕ್ಟೋಬರ್ ೧೭ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲರೂ ಈ ನಿಯಮವು ಊರ್ಜಿತವಲ್ಲವೆಂದರು. ನ್ಯಾಯಮೂರ್ತಿಗಳಾದ ರವೀಂದ್ರ ಭಟ್, ಹಿಮಾ ಕೊಹ್ಲಿ, ನರಸಿಂಹ ಇವರು ಒಪ್ಪಲಿಲ್ಲ. ೨೦೨೫ರ ಜನವರಿಯಲ್ಲಿ ಪುನರ್ವಿಮರ್ಶೆಯ ಅರ್ಜಿಗಳೂ ತಿರಸ್ಕೃತವಾದುವು. ಮಕ್ಕಳ ಹಿತಕ್ಕೆಂದೇ ಏರ್ಪಟ್ಟ ಆಯೋಗಗಳಲ್ಲೂ ಭೇದವುಂಟಾಯಿತು: ರಾಷ್ಟ್ರೀಯ ಆಯೋಗವು ವಿರೋಧಿಸಿತು, ದೆಹಲಿಯ ಆಯೋಗವು ಅನುಮೋದಿಸಿತು.

ಬಹುಮತದ ತರ್ಕವು ಲಘುವಾದುದಲ್ಲ. ವಿವಾಹವಾದವರ ಸಂಸಾರವು ಮುರಿದರೆ ಮಗುವಿನ ಜೀವನಾಂಶ, ಪಾಲನೆ, ವಾರಸು ಇವುಗಳನ್ನು ನಿರ್ಣಯಿಸಲು ಕಾನೂನುಂಟು. ವಿವಾಹವಾಗದವರ ಸಂಸಾರ ಮುರಿದರೆ ಅಂತಹ ಆಸರೆ ಇಲ್ಲ. ಆದುದರಿಂದ ಮಗುವಿನ ರಕ್ಷಣೆಗಾಗಿಯೇ ಈ ನಿಯಮವೆಂದು ಅದರ ತಾತ್ಪರ್ಯ. ಆದರೆ ಸೂಕ್ಷ್ಮವಾಗಿ ನೋಡಿದರೆ, ಈ ತರ್ಕವು ರೋಗವನ್ನು ಸರಿಯಾಗಿ ಗುರುತಿಸಿ ಔಷಧವನ್ನು ಬೇರೆಯವರಿಗೆ ಕೊಟ್ಟಂತಿದೆ. ಆಸರೆ ಇಲ್ಲದಿರುವುದು ಆ ಸಂಸಾರಗಳ ಸ್ವಭಾವದಿಂದಲ್ಲ. ಕಾನೂನು ಅದನ್ನು ಕೊಡದಿರುವುದರಿಂದ. ಇಂತಹ ಮನೆಗಳಲ್ಲಿ ಮಕ್ಕಳು ಈಗಾಗಲೇ ಇದ್ದಾರೆ: ಹಿಂದಿನ ವಿವಾಹದಿಂದ ಹುಟ್ಟಿದವರು, ಒಬ್ಬಂಟಿಗರ ಹೆಸರಿನಲ್ಲಿ ದತ್ತು ಬಂದವರು, ೨೦೨೧ರ ಕಾಯಿದೆಯು ಒಬ್ಬಂಟಿ ಹೆಂಗಸಿಗೆ ಅನುಮತಿಸಿರುವ ವೈದ್ಯಕೀಯ ನೆರವಿನಿಂದ ಹುಟ್ಟಿದವರು. ನಿಯಮವು ಇವರನ್ನು ಆ ಮನೆಗಳಿಂದ ದೂರವಿಡಲಿಲ್ಲ. ದೂರವಿಟ್ಟದ್ದು ಎರಡನೆಯವರ ಹೊಣೆಯನ್ನು ಮಾತ್ರ. ಆ ಎರಡನೆಯವರು ನಾಳೆ ಮನೆ ಬಿಟ್ಟು ಹೋದರೆ ಮಗುವಿನ ಅನ್ನಬಟ್ಟೆಗೆ ಅವರನ್ನು ಕೇಳುವ ಹಕ್ಕು ಮಗುವಿಗಿಲ್ಲ, ಸತ್ತರೆ ವಾರಸಿಲ್ಲ, ಮೊದಲನೆಯವರು ಸತ್ತರೆ, ಹತ್ತು ವರ್ಷ ಎತ್ತಿ ಆಡಿಸಿದವರ ಮಡಿಲಿನಿಂದ ಅದನ್ನು ಬೇರೆಯವರು ಕರೆದೊಯ್ಯಬಹುದು. ಮಿಶಿಗನ್ನಿನ ಮೂರು ಮಕ್ಕಳ ಅವಸ್ಥೆಯೇ ಇದು. ದತ್ತಿನ ಅನುಮತಿಯನ್ನು ಹಿರಿಯರಿಗೆ ಕೊಡುವ ಬಹುಮಾನವೆಂದು ಎಣಿಸುವುದರಿಂದ ಈ ಭ್ರಮೆ ಹುಟ್ಟುತ್ತದೆ. ವಸ್ತುತಃ ಅದು ಹಿರಿಯರ ಕೊರಳಿಗೆ ಹಾಕುವ ನೊಗ.

ಕಾದಿರುವ ಗಂಡಹೆಂಡಿರು ಬಹಳ ಮಂದಿ ಇದ್ದಾರೆಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವುಂಟು. ಅವರು ಬಹುತೇಕ ಕಾದಿರುವುದು ಆರೋಗ್ಯವಂತವಾದ ಎಳೆಯ ಕೂಸಿಗಾಗಿ. ಬೆಳೆದ ಮಕ್ಕಳು, ರೋಗಿಗಳಾದ ಮಕ್ಕಳು, ಅಂಗವಿಕಲರಾದ ಮಕ್ಕಳು ಆಶ್ರಮಗಳಲ್ಲಿಯೇ ಉಳಿಯುತ್ತಾರೆ. ಮಿಶಿಗನ್ನಿನಲ್ಲಿ ಆ ದಾದಿಯರ ಕೈಗೆ ಬಂದವರಲ್ಲಿ ಇಬ್ಬರು ಇಂತಹವರೇ. ಯಾರಿಗೂ ಬೇಡವಾದ ಮಗುವನ್ನು ಬೇಕೆಂದು ಬಂದವರಿಗೆ ಬಾಗಿಲು ಮುಚ್ಚುವಾಗ, ಬಾಗಿಲೊಳಗೆ ಉಳಿದವರಾರೆಂದು ನೋಡಬೇಡವೆ?

ಹಾಸ್ಯಕ್ಕೆ ಗುರಿಯಾಗುವ ಭಯವು ನಿಜವೇ. ಆದರೆ ಹಿಂದೆ ವಿಧವಾವಿವಾಹದ ಮಕ್ಕಳನ್ನೂ ಜಾತಿ ಬಿಟ್ಟು ಮದುವೆಯಾದವರ ಮಕ್ಕಳನ್ನೂ ಜನ ಹಾಸ್ಯಮಾಡಿದರು. ಅದಕ್ಕಾಗಿ ಆ ವಿವಾಹಗಳನ್ನು ನಿಷೇಧಿಸಲಿಲ್ಲ. ೧೯೮೪ರಲ್ಲಿ ಅಮೆರಿಕದ ಅತ್ಯುನ್ನತ ನ್ಯಾಯಾಲಯದ ಮುಂದೆ, ಬಿಳಿಯ ತಾಯಿಯು ಕರಿಯ ಗಂಡಸನ್ನು ವಿವಾಹವಾದಳೆಂಬ ಕಾರಣದಿಂದ ಅವಳ ಮಗುವನ್ನು ಕಿತ್ತುಕೊಂಡ ಪ್ರಕರಣವು ಬಂದಾಗ, ಜನರ ಪೂರ್ವಗ್ರಹಕ್ಕೆ ಕಾನೂನು ಕೈಯಾಸರೆ ಕೊಡಕೂಡದೆಂದು ನಿರ್ಣಯವಾಯಿತು. ಹಾಸ್ಯಮಾಡುವವನನ್ನು ತಿದ್ದುವುದು ಶಾಲೆಯ ಕೆಲಸ. ಹಾಸ್ಯಕ್ಕೆ ಗುರಿಯಾದವನಿಂದ ತಾಯಿಯನ್ನು ಕಸಿಯುವುದು ಯಾರ ಕೆಲಸವೂ ಅಲ್ಲ.

೬

ಸಿದ್ಧಾಂತಕ್ಕೂ ಎಲ್ಲೆ ಇರತಕ್ಕದ್ದು. ಮಗುವನ್ನು ಪಡೆಯುವುದು ನಮ್ಮ ಹಕ್ಕು ಎಂಬ ಮಾತು ಸಲಿಂಗಿಗಳ ಬಾಯಿಂದ ಬಂದರೂ ಗಂಡಹೆಂಡಿರ ಬಾಯಿಂದ ಬಂದರೂ ಸಮಾನವಾಗಿ ಅಸಂಬದ್ಧ. ಮಗುವಿನ ಮೇಲೆ ಯಾರಿಗೂ ಹಕ್ಕಿಲ್ಲ. ಮಗುವಿಗೆ ಎಲ್ಲರ ಮೇಲೆ ಹಕ್ಕುಂಟು. ಬೇರೊಬ್ಬಳ ಗರ್ಭವನ್ನು ಕೂಲಿಗೆ ಹಿಡಿದು ಮಗುವನ್ನು ಹುಟ್ಟಿಸುವ ವಿಷಯವು ಇದರಿಂದ ಪ್ರತ್ಯೇಕ. ಅಲ್ಲಿ ಬಡ ಹೆಂಗಸಿನ ದೇಹದ ವ್ಯಾಪಾರವೆಂಬ ಮತ್ತೊಂದು ದೋಷವುಂಟಾಗಿ, ೨೦೨೧ರಲ್ಲಿ ಈ ದೇಶವು ಅಂತಹ ವ್ಯಾಪಾರವನ್ನು ಎಲ್ಲರಿಗೂ ನಿಷೇಧಿಸಿತು. ಹುಟ್ಟಿ ಅನಾಥವಾಗಿರುವ ಮಗುವಿನ ಪ್ರಶ್ನೆಯನ್ನು ಅದರೊಡನೆ ಬೆರಸಬಾರದು.

ದತ್ತು ಬೇಡಿ ಬಂದ ಮನೆಯನ್ನು ಕಠಿಣವಾಗಿ ಪರೀಕ್ಷಿಸಲಿ: ಆದಾಯವೆಷ್ಟು, ಆರೋಗ್ಯವೆಂತಹುದು, ಶೀಲವೆಂತಹುದು, ಬಂಧುಬಳಗದ ನೆರವುಂಟೇ, ಇಬ್ಬರ ಬಾಳು ಎಷ್ಟು ಕಾಲದಿಂದ ಸ್ಥಿರವಾಗಿದೆ. ಈ ಪ್ರಶ್ನೆಗಳನ್ನು ಎಲ್ಲ ಮನೆಗಳಿಗೂ ಸಮನಾಗಿ ಹಾಕಲಿ. ಉತ್ತೀರ್ಣವಾಗದ ಮನೆಯನ್ನು, ಅದು ಯಾರದೇ ಆಗಲಿ, ತಿರಸ್ಕರಿಸಲಿ. ಆದರೆ ಪರೀಕ್ಷೆಗೆ ಕೂರುವ ಮೊದಲೇ ಅನುತ್ತೀರ್ಣನೆಂದು ಬರೆದಿಡುವುದು ಪರೀಕ್ಷೆಯಲ್ಲ.

ಪೂರ್ವಪಕ್ಷದವರು ಮಗುವಿನ ಹೆಸರಿನಲ್ಲಿ ವಾದಕ್ಕೆ ನಿಂತರು. ಆ ಮಗುವನ್ನೇ ಮುಂದಿಟ್ಟುಕೊಂಡು ಅದಕ್ಕೆ ಏನು ಬೇಕೆಂದು ವಿಚಾರಿಸಿದರೆ, ರಾತ್ರಿ ಜ್ವರ ಬಂದಾಗ ಎದ್ದು ಕೂರುವವರು ಬೇಕು, ತಪ್ಪಿದಾಗ ತಿದ್ದುವವರು ಬೇಕು, ಬಿಟ್ಟುಹೋಗದವರು ಬೇಕು, ಬಿಟ್ಟುಹೋದರೆ ಹಿಡಿದು ಕೇಳುವ ಕಾನೂನು ಬೇಕು. ಇವುಗಳಲ್ಲಿ ಮೊದಲ ಮೂರನ್ನು ಮನುಷ್ಯರು ಕೊಡಬಲ್ಲರು, ಕೊಡುತ್ತಲೂ ಇದ್ದಾರೆ. ನಾಲ್ಕನೆಯದನ್ನು ರಾಜ್ಯವೊಂದೇ ಕೊಡಬಲ್ಲುದು. ಅದನ್ನು ಕೊಡದೆ ತಡೆದಿಟ್ಟು, ತಡೆದದ್ದೇ ಮಗುವಿನ ಹಿತಕ್ಕಾಗಿ ಎಂದು ಹೇಳುವುದು ಎಷ್ಟರಮಟ್ಟಿಗೆ ಧರ್ಮವೆಂಬುದನ್ನು ಸಹೃದಯರು ತಾವೇ ನಿಷ್ಕರ್ಷಿಸಬಹುದು.